ಅಳಿಲು ತಡೆಯುವ ಕಾಳಿನ ಫೀಡರ್: ಪುಣೆಯ ಹಿತ್ತಲಲ್ಲಿ 14 ತಿಂಗಳಾದ ಮೇಲೆ

ಪೆಟ್ಟಿಗೆಯ ಮೇಲೆ ‘ಅಳಿಲು ಮುಟ್ಟಲಾರದು’ ಎಂದು ದೊಡ್ಡ ಅಕ್ಷರದಲ್ಲಿ ಅಚ್ಚಾಗಿದೆ. ಯಾವ ಅಳಿಲು ಎಂದು ಮಾತ್ರ ಬರೆದಿಲ್ಲ. ಹಕ್ಕಿಗಳಿಗೆ ಕಾಳು ಹಾಕುವ ಈ ಫೀಡರಿನ ಮೇಲೆ ನನಗಿರುವ ದೊಡ್ಡ ತಕರಾರು ಅದೇ.

ಸ್ಪ್ರಿಂಗಿನ ಫೀಡರ್ ವಿನ್ಯಾಸವಾದದ್ದು ಅಮೆರಿಕ, ಇಂಗ್ಲೆಂಡಿನ ಹಿತ್ತಲುಗಳಲ್ಲಿ ಓಡಾಡುವ ಬೂದು ಅಳಿಲಿಗಾಗಿ. ಅದು ಹೆಚ್ಚುಕಡಿಮೆ ಅರ್ಧ ಕಿಲೋ ತೂಗುತ್ತದೆ. ಬೆನ್ನ ಮೇಲೆ ಪಟ್ಟೆ ಇರುವ ನಮ್ಮದು, ಇಲ್ಲಿ ಮರಾಠಿಯವರ ಬಾಯಲ್ಲಿ ಖಾರ್, ಉತ್ತರ ಕರ್ನಾಟಕದವರಿಗೆ ಇಣಚಿ, 100 ಗ್ರಾಂ ಆಸುಪಾಸು. ಕಾಳಿನ ಕೊಳವೆಯ ಸುತ್ತ ಲೋಹದ ಹೊರ ಕವಚ. ಅದರ ಬುಡದಲ್ಲಿ ಹಕ್ಕಿ ಕೂರುವ ಕಡ್ಡಿಗಳು. ಭಾರದ ಪ್ರಾಣಿ ಕೂತರೆ ಸ್ಪ್ರಿಂಗ್ ಮಣಿದು, ಕವಚ ಕೆಳಗಿಳಿದು, ಕಾಳು ಸಿಗುವ ಕಿಂಡಿ ಮುಚ್ಚಬೇಕು. ಸ್ಪ್ರಿಂಗಿನ ಬಿಗಿ ಹೊಂದಿಸುವ ಒಳಗಿನ ನಟ್ಟನ್ನು ಆದಷ್ಟು ಸಡಿಲ ಮಾಡಿದರೂ ನಮ್ಮ ಇಣಚಿಯ ಭಾರಕ್ಕೆ ಈ ಕವಚ ಅಲುಗುವುದಿಲ್ಲ. ಅದು ಆರಾಮಾಗಿ ಕೂತು ಅರ್ಧ ಗಂಟೆ ತಿನ್ನುತ್ತದೆ. ಮಾರಿದವರನ್ನು ಕೇಳಿದಾಗ ‘ನಟ್ ಸಡಿಲಿಸಿ ನೋಡಿ’ ಎಂದರೇ ಹೊರತು ಎಷ್ಟು ಗ್ರಾಮಿಗೆ ಮುಚ್ಚುತ್ತದೆ ಎಂದು ಹೇಳಲಿಲ್ಲ. 3,600 ರೂಪಾಯಿ ಕೊಟ್ಟವರಿಗೆ ಆ ಒಂದು ಅಂಕಿ ತಿಳಿಯಬೇಕು.

ಅಂಕಿಯನ್ನು ಮನೆಯಲ್ಲೇ ಕಂಡುಕೊಳ್ಳಬಹುದು. ತೆಳು ಪ್ಲಾಸ್ಟಿಕ್ ಚೀಲಕ್ಕೆ 100 ಮಿಲೀ ನೀರು ಹಾಕಿ ಬಾಯಿ ಕಟ್ಟಿ. ಅದೇ 100 ಗ್ರಾಂ, ಅದೇ ನಿಮ್ಮ ಅಳಿಲು. ಫೀಡರಿಗೆ ಕಾಳು ತುಂಬಿ, ಚೀಲವನ್ನು ಕೂರುವ ಕಡ್ಡಿಗೆ ತೂಗುಹಾಕಿ. ಕಿಂಡಿ ಮುಚ್ಚದಿದ್ದರೆ 20 ಮಿಲೀ ಹೆಚ್ಚಿಸುತ್ತ ಹೋಗಿ. ನಾನು ಕೊಂಡ ಫೀಡರ್ ಮುಚ್ಚಿದ್ದು 180ಕ್ಕೆ. ಹೊಸದನ್ನು ಕೊಳ್ಳುವವರು ವಾಪಸಿನ ಅವಧಿ ಮುಗಿಯುವ ಮೊದಲೇ ಈ ಪರೀಕ್ಷೆ ಮಾಡಿಬಿಡಿ.

ಸ್ಪ್ರಿಂಗ್ ಬದಲಿಸಲು ಹೋಗಬೇಡಿ. 1 ಮಿಮೀ ತಂತಿಯ ಜಾಗಕ್ಕೆ ಅದೇ ಅಳತೆಯ 0.8 ಮಿಮೀ ತಂತಿಯ ಸ್ಪ್ರಿಂಗ್ ಹಾಕಿದರೆ ಬಿಗಿ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಆಗ ಕವಚ ತನ್ನ ಭಾರಕ್ಕೇ ಕುಸಿದು ಕಿಂಡಿ ಮುಚ್ಚಿಕೊಂಡು ಕೂರಬಹುದು. ಅದಕ್ಕಿಂತ ಸುಲಭದ ದಾರಿ ಕವಚಕ್ಕೇ ಭಾರ ಕಟ್ಟುವುದು. ಕವಚಕ್ಕೆ 100 ಗ್ರಾಂ ಕಟ್ಟಿದರೆ 180ಕ್ಕೆ ಮುಚ್ಚುವುದು 80ಕ್ಕೇ ಮುಚ್ಚುತ್ತದೆ. ರವಿವಾರ ಪೇಟೆಯ ಬೋಹರಿ ಆಳಿಯಲ್ಲಿ ಸ್ಟೇನ್‌ಲೆಸ್ ವಾಷರ್ ಕೊಂಡು, ಅಡುಗೆಮನೆಯ ತಕ್ಕಡಿಯಲ್ಲಿ 100 ಗ್ರಾಂ ತೂಗಿ, 25 ಗ್ರಾಮಿನ ನಾಲ್ಕು ಗೊಂಚಲು ಮಾಡಿ ಕವಚದ ಬುಡದ ಬಳೆಗೆ ನಾಲ್ಕೂ ದಿಕ್ಕಿಗೆ ತಾಮ್ರದ ತಂತಿಯಿಂದ ಬಿಗಿದರೆ ಕೆಲಸ ಮುಗಿಯಿತು. ಒಂದೇ ಕಡೆ ಕಟ್ಟಿದರೆ ಕವಚ ವಾಲಿ ಕೊಳವೆಗೆ ಕಚ್ಚಿಕೊಳ್ಳುತ್ತದೆ. ತಂತಿಯ ತುದಿಗಳನ್ನು ಒಳಕ್ಕೆ ಮಡಚಿ, ಹಕ್ಕಿಯ ಕಾಲಿಗೆ ಚುಚ್ಚಬಾರದು. ಮತ್ತೆ ನೀರಿನ ಚೀಲ ತೂಗುಹಾಕಿ: 60ಕ್ಕೆ ತೆರೆದೇ ಇರಬೇಕು, 80ಕ್ಕೆ ಮುಚ್ಚಬೇಕು.

ಗುಬ್ಬಿ 25–30 ಗ್ರಾಂ. ಮೂರು ಒಟ್ಟಿಗೆ ಕೂತರೆ ಕಿಂಡಿ ಮುಚ್ಚಿ ಮೂರೂ ಬೆಚ್ಚುತ್ತವೆ. ಆದ್ದರಿಂದ ನಾಲ್ಕು ಕಡ್ಡಿಗಳಲ್ಲಿ ಎದುರುಬದುರಿನ ಎರಡನ್ನು ಬಿಟ್ಟು ಉಳಿದವನ್ನು ಕಳಚಿಡಿ.

ಇಷ್ಟು ಮಾಡಿದ ಮೇಲೆ ಸಿಕ್ಕದ್ದು ನಿರೀಕ್ಷೆಯಲ್ಲೇ ಇಲ್ಲದ ಸಂತೋಷ. 80 ಗ್ರಾಮಿನ ಗೆರೆ ಎಳೆದದ್ದು ಅಳಿಲಿಗೆ. ಅದೇ ಗೆರೆ ಪಾರಿವಾಳ, ಕಾಗೆ, ಗೊರವಂಕ, ಗಿಣಿ ಎಲ್ಲವನ್ನೂ ಆಚೆ ನಿಲ್ಲಿಸಿತು. ಪಾರಿವಾಳ 300 ಗ್ರಾಂ ದಾಟುತ್ತದೆ, ಅದು ರೆಕ್ಕೆ ಬಡಿಯುತ್ತ ಬಂದು ಕೂರುವಷ್ಟರಲ್ಲಿ ಕಿಂಡಿ ಮುಚ್ಚಿರುತ್ತದೆ. ಹಿಕ್ಕೆ, ಗರಿಯ ಧೂಳು, ಶ್ವಾಸಕೋಶದ ಕಾಯಿಲೆಯ ಮಾತು ಎದ್ದು 2025ರ ಜುಲೈಯಲ್ಲಿ ಮುಂಬೈಯ ಕಬೂತರಖಾನೆಗಳನ್ನು (ಪಾರಿವಾಳಗಳಿಗೆ ಕಾಳು ಹಾಕುವ ಸಾರ್ವಜನಿಕ ಜಾಗಗಳನ್ನು) ಮುಚ್ಚಿಸುವ ತನಕ ಹೋಗಿದೆ. ಅಕ್ಕಪಕ್ಕದವರ ಕಿಟಕಿಗೆ ಪಾರಿವಾಳ ಕೂರಿಸದೆ ಕಾಳು ಹಾಕಲು ಆಗುವುದು ಸಣ್ಣ ಮಾತಲ್ಲ. ಉಳಿದದ್ದು ಗುಬ್ಬಿ ಮತ್ತು ರಾಟವಾಳ (ಮುನಿಯಾ). ರಾಟವಾಳ ಸಜ್ಜೆಯ ಕಾಳನ್ನು ಕೊಕ್ಕಿನಲ್ಲಿ ಎರಡು ಸಲ ಹೊರಳಿಸಿ, ಸಿಪ್ಪೆಯನ್ನು ಕೊಕ್ಕಿನಂಚಿನಿಂದ ಜಾರಿಬಿಡುವುದನ್ನು ಆರು ಅಡಿ ದೂರದಿಂದ ನೋಡಬಹುದು. ಎದೆಯ ಮೇಲಿನ ಮೀನಿನ ಹುರುಪೆಯಂಥ ಗೆರೆ ಎಣಿಸುವಷ್ಟು ಸ್ಪಷ್ಟ.

ಗಿಣಿ ಬೇಕು ಎನ್ನುವವರಿಗೆ ಈ ಫೀಡರ್ ಬೇಡವೇ ಬೇಡ. ಗಿಣಿ, ಗೊರವಂಕ, ಅಳಿಲು ಮೂರೂ ಹೆಚ್ಚುಕಡಿಮೆ ಒಂದೇ ತೂಕ; ತಕ್ಕಡಿ ಅವನ್ನು ಬೇರೆ ಮಾಡಲಾರದು. ಪಂಜರದಂಥ ಜಾಲರಿ ಇರುವ ಇನ್ನೊಂದು ಬಗೆಯ ಫೀಡರಿನಲ್ಲೂ ಅದೇ ತಪ್ಪು: ಒಂದೂವರೆ ಇಂಚಿನ ಕಣ್ಣು ಬೂದು ಅಳಿಲನ್ನು ತಡೆಯುತ್ತದೆ, ನಮ್ಮದು ನುಸುಳಿಬಿಡುತ್ತದೆ. ಪ್ಲಾಸ್ಟಿಕ್ ಕಿಂಡಿಯದನ್ನಂತೂ ಕೊಳ್ಳಬೇಡಿ, ಅಳಿಲುಗಳು ಹಲ್ಲಿನಿಂದ ಕೊರೆದು ಕಿಂಡಿಯನ್ನು ಬಾಗಿಲು ಮಾಡಿಕೊಳ್ಳುತ್ತವೆ.

ಸ್ಪ್ರಿಂಗ್ ಸರಿಹೋದರೂ ಅಳಿಲಿಗೆ ಒಂದು ಉಪಾಯ ಉಳಿದಿರುತ್ತದೆ. ಹಿಂಗಾಲಿನಿಂದ ಮೇಲಿನ ಮುಚ್ಚಳ ಹಿಡಿದು ತಲೆಕೆಳಗಾಗಿ ಜೋತುಬಿದ್ದರೆ ಅದರ ಭಾರ ಕಡ್ಡಿಯ ಮೇಲೆ ಬೀಳುವುದೇ ಇಲ್ಲ. ಹಾಗಾಗಿ ಫೀಡರಿನಷ್ಟೇ ಮುಖ್ಯ ಅದನ್ನು ನಿಲ್ಲಿಸುವ ಜಾಗ ಮತ್ತು ಕಂಬ. ಸೀಬೆಮರದ ಕೊಂಬೆಗೆ, ಬಟ್ಟೆ ಒಣಹಾಕುವ ಹಗ್ಗಕ್ಕೆ ಕಟ್ಟಬೇಡಿ. ಒಂದು ಇಂಚಿನ ಜಿಐ ಪೈಪು 9 ಅಡಿ. 2 ಅಡಿ ನೆಲದೊಳಗೆ ಕಾಂಕ್ರೀಟಿನಲ್ಲಿ, 7 ಅಡಿ ಮೇಲೆ. ಬರೀ ಪೈಪನ್ನು ಅಳಿಲು ಏಣಿಯಂತೆ ಹತ್ತುತ್ತದೆ. ಅದಕ್ಕೆ 6 ಇಂಚಿನ ಪಿವಿಸಿ ಪೈಪಿನ 2 ಅಡಿ ತುಂಡು, ಒಂದು ತುದಿಗೆ ಎಂಡ್ ಕ್ಯಾಪ್. ಕ್ಯಾಪಿನ ನಡುವೆ ಕಂಬದ ಅಳತೆಯ ತೂತು ಕೊರೆದು, ಮುಚ್ಚಿದ ತುದಿ ಮೇಲಿರುವಂತೆ ಪೋಣಿಸಿ. ಕ್ಯಾಪಿನ ಕೆಳಗೆ ಒಂದು ಹೋಸ್ ಕ್ಲಾಂಪ್ ಬಿಗಿದರೆ ತುಂಡು ಅದರ ಮೇಲೆ ಸಡಿಲವಾಗಿ ನಿಲ್ಲುತ್ತದೆ. ಬುಡ ನೆಲದಿಂದ ಮೂರೂವರೆ ಅಡಿಗಿಂತ ಕೆಳಗೆ ಬರಬಾರದು. ಅಳಿಲು ಕಂಬ ಹತ್ತಿ ಪಿವಿಸಿಯ ಒಳಗೆ ಹೋಗುತ್ತದೆ, ಮೇಲೆ ಕ್ಯಾಪು ಸಿಗುತ್ತದೆ, ಇಳಿಯುತ್ತದೆ. ಹೊರಮೈ ನುಣುಪು, ದಪ್ಪ, ಉಗುರು ನಾಟದು.

ಕಂಬದ ಸುತ್ತ ಗೋಡೆ, ಕೊಂಬೆ, ನೀರಿನ ಟ್ಯಾಂಕು ಯಾವುದೂ 8 ಅಡಿಯೊಳಗೆ ಇರಬಾರದು, ನೆತ್ತಿಯ ಮೇಲೂ ಏನೂ ಇರಬಾರದು. ಕಂಬಕ್ಕೆ ಗ್ರೀಸ್ ಬಳಿಯುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಗ್ರೀಸ್ ಗರಿಗೆ ಅಂಟಿದರೆ ಹಕ್ಕಿ ಮಳೆ, ಚಳಿ ತಡೆಯಲಾರದು. ಕಾಳಿಗೆ ಖಾರದ ಪುಡಿ ಬೆರೆಸುವುದು ನಿಜಕ್ಕೂ ಕೆಲಸ ಮಾಡುತ್ತದೆ, ಹಕ್ಕಿಗೆ ಮೆಣಸಿನ ಉರಿ ತಿಳಿಯದು. ಆದರೆ ಗಾಳಿಗೆ ಹಾರುವ ಪುಡಿ ತುಂಬುವವರ ಕಣ್ಣಿಗೇ ಬೀಳುತ್ತದೆ. ಕಂಬ ಸರಿಯಿದ್ದರೆ ಅದರ ಅಗತ್ಯವಿಲ್ಲ.

ಕಾಳು: ಎರಡು ಪಾಲು ಸಜ್ಜೆ, ಒಂದು ಪಾಲು ನವಣೆ, ಅರ್ಧ ಪಾಲು ಅಕ್ಕಿನುಚ್ಚು. ಸೂರ್ಯಕಾಂತಿ ಬೀಜ ಬೇಡ, ಅದರ ಆಸೆಗೇ ಅಳಿಲು ಬರುವುದು. ಫೀಡರಿಗೆ ಒಂದು ಕಿಲೋ ಹಿಡಿದರೂ ದಿನಕ್ಕೆ 150 ಗ್ರಾಮಿನಷ್ಟು ಹಾಕಿದರೆ ಸಾಕು. ಬೆಳಗ್ಗೆ ಏಳರೊಳಗೆ ಮುಚ್ಚಳ ತೆಗೆದು, ಕೊಳವೆಯನ್ನು ಅಂಗೈಯಿಂದ ಎರಡು ಸಲ ತಟ್ಟಿ, ಕೆಳಗಿನ ತಟ್ಟೆಯನ್ನೊಮ್ಮೆ ಊದಬೇಕು. ತಟ್ಟೆ ತುಂಬಿದಂತೆ ಕಾಣುತ್ತದೆ, ಊದಿದರೆ ಹಾರುವುದೆಲ್ಲ ಬರೀ ಸಿಪ್ಪೆ. ಆಮೇಲೆ ಒಣಬಟ್ಟೆಯಲ್ಲಿ ಕಡ್ಡಿ ಒರೆಸಿ, ಹೊಸ ಕಾಳು ಸುರಿದು, ಕವಚವನ್ನು ಬೆರಳಿನಿಂದ ಒತ್ತಿ ಬಿಡಬೇಕು. ಟಕ್ಕೆಂದು ಮೇಲೆ ಬಂದರೆ ಆ ದಿನ ಸರಿಯಿದೆ. ಆ ಟಕ್ ಶಬ್ದಕ್ಕೇ ಗುಬ್ಬಿಗಳು ಬೇಲಿಯ ದಾಸವಾಳದಿಂದ ಇಳಿಯುವುದು ರೂಢಿಯಾಗಿದೆ. ಸಂಜೆ ನೆಲದ ಕಾಳು ಗುಡಿಸಿ, ಇಲ್ಲದಿದ್ದರೆ ರಾತ್ರಿ ಹೆಗ್ಗಣ ಬರುತ್ತದೆ.

ಹದಿನೈದು ದಿನಕ್ಕೊಮ್ಮೆ ಪೂರ್ತಿ ಬಿಚ್ಚಿ, ಒಂದು ಪಾಲು ದ್ರವ ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ನೆನೆಸಿ, ತೊಳೆದು, ಪೂರ್ತಿ ಒಣಗಿದ ಮೇಲೆ ಕಾಳು ಹಾಕಿ. ಜುಲೈ, ಆಗಸ್ಟಿನಲ್ಲಿ ವಾರಕ್ಕೊಮ್ಮೆ. ಕೊಳವೆಯ ತಳದಲ್ಲಿ ಕಾಳು ಉಬ್ಬಿ ಗಟ್ಟಿಯಾಗಿದ್ದರೆ, ಹುಳಿ ವಾಸನೆ ಬಂದರೆ, ಅಷ್ಟನ್ನೂ ಚೆಲ್ಲಿ. ಬೂಷ್ಟು ಹಿಡಿದ ಕಾಳು ಹಕ್ಕಿಗೆ ವಿಷ.

ಅಳಿಲಿಗೆ ಹಿತ್ತಲಿನ ಇನ್ನೊಂದು ಮೂಲೆಯಲ್ಲಿ, ತೆಂಗಿನ ಕರಟದಲ್ಲಿ ಉಪ್ಪಿಲ್ಲದ ನಾಲ್ಕು ಶೇಂಗಾ ಇಡಿ. ಅದೂ ಹಸಿದೇ ಬಂದಿರುತ್ತದೆ.

ಕೊನೆಗೆ, ಕವಚ ಮೇಲೆ ಕೆಳಗೆ ಜಾರುವ ಒಳಸರಳಿನ ಎಣ್ಣೆ. ಕೊಬ್ಬರಿ ಎಣ್ಣೆ ಹಾಕಬೇಡಿ. ಅದು 24 ಡಿಗ್ರಿಯ ಆಸುಪಾಸಿನಲ್ಲೇ ಹೆಪ್ಪುಗಟ್ಟುತ್ತದೆ; ಪುಣೆಯ ಡಿಸೆಂಬರ್ ಬೆಳಗಿನಲ್ಲಿ ಕವಚ ಅರ್ಧಕ್ಕೆ ಸಿಕ್ಕಿಕೊಂಡು ಗುಬ್ಬಿಗಳು ಮುಚ್ಚಿದ ಕಿಂಡಿ ಕುಕ್ಕುತ್ತ ಕೂರುತ್ತವೆ. ಹೊಲಿಗೆ ಯಂತ್ರದ ಎಣ್ಣೆ ಒಂದೇ ಹನಿ, ಸರಳಿಗೆ ಮಾತ್ರ. ಹೊರಗೆ ಸೋರಿದ್ದನ್ನು ಒರೆಸಿ ತೆಗೆಯಿರಿ.