ಸೆಕೆಂಡ್ ಹ್ಯಾಂಡ್ ಫೋರ್ ಬೈ ಫೋರ್ ಕೊಳ್ಳುವವರೇ, ‘ಫುಲ್ ಸರ್ವಿಸ್ ಆಗಿದೆ’ ಅಂದರೆ ನಂಬಬೇಡಿ

ಮಳೆಗಾಲ ಹತ್ತಿರ ಬಂದರೆ ಸಾಕು, ಮಲೆನಾಡಿನ ಕಡೆ ಹಳೇ ಫೋರ್ ಬೈ ಫೋರ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಕೊಡಬಲ್ಲ) ಗಾಡಿಗಳ ವ್ಯಾಪಾರ ಜೋರಾಗುತ್ತದೆ. ತೋಟದ ರಸ್ತೆಗೆ ಬೇರೆ ಗಾಡಿ ಆಗುವುದಿಲ್ಲವಲ್ಲ. ಹಾಗೆ ಕೊಂಡವರು, ಕೊಳ್ಳಲು ಹೊರಟವರು ದಯವಿಟ್ಟು ಇದನ್ನು ಓದಿ. ನನಗಾದ ನಷ್ಟ ಇನ್ನೊಬ್ಬರಿಗೆ ಆಗಬಾರದು.

ಇಂಥ ಗಾಡಿಯಲ್ಲಿ ಆಯಿಲ್ ತುಂಬುವ ಜಾಗ ಸಾಮಾನ್ಯವಾಗಿ ಐದು. ಎಂಜಿನ್, ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್ (ಎಂಜಿನ್ ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಪೆಟ್ಟಿಗೆ), ಮುಂದಿನ ಹೌಸಿಂಗ್, ಹಿಂದಿನ ಹೌಸಿಂಗ್ (ಚಕ್ರಗಳ ನಡುವೆ ಆಕ್ಸಲ್‌ನಲ್ಲಿ ಹಲ್ಲಿನ ಚಕ್ರಗಳಿರುವ ಕವಚ). ‘ಫುಲ್ ಸರ್ವಿಸ್’ ಅಂತ ಹೇಳಿ ಮಾರುವವರು ಹೆಚ್ಚಾಗಿ ಮೊದಲನೆಯದನ್ನು ಮಾತ್ರ ಬದಲಾಯಿಸಿರುತ್ತಾರೆ. ಮಿಕ್ಕ ನಾಲ್ಕರಲ್ಲಿ ಏನಿದೆ ಅಂತ ಎಷ್ಟೋ ವರ್ಷದಿಂದ ಯಾರೂ ನೋಡಿರುವುದಿಲ್ಲ.

ನಾನು ಗಾಡಿ ತಗೊಂಡಿದ್ದು ಬೆಂಗಳೂರಿನ ಒಬ್ಬ ಡೀಲರ್ ಹತ್ತಿರ. ಡೀಸೆಲ್ ಎಂಜಿನ್, ಬಾಡಿ ಚೆನ್ನಾಗಿತ್ತು. ಬಗ್ಗಿ ನೋಡಿದರೆ ಕೆಳಗೆಲ್ಲ ಹೊಸದಾಗಿ ಹೊಡೆದ ಕಪ್ಪು ಅಂಡರ್‌ಕೋಟಿಂಗ್, ಅಂದರೆ ತುಕ್ಕು ತಡೆಯಲು ಬಳಿಯುವ ಬಣ್ಣ. ಹೌಸಿಂಗ್ ಆಯಿಲ್, ಟ್ರಾನ್ಸ್‌ಫರ್ ಕೇಸ್ ಆಯಿಲ್ ಬದಲಾಗಿದೆಯಾ ಅಂತ ಒಂದೊಂದರ ಹೆಸರು ಹಿಡಿದೇ ಕೇಳಿದ್ದೆ. ‘ಎಲ್ಲಾ ಆಗಿದೆ ಸರ್, ಬಿಲ್ ಸಮೇತ ಕೊಡ್ತೀವಿ’ ಅಂದರು. ಬಿಲ್ಲು ಕೈಗೆ ಬಂದಿದ್ದು ಪೂರ್ತಿ ದುಡ್ಡು ಕೊಟ್ಟ ಮೇಲೆ, ಆರ್‌ಸಿ ಕಾಗದಗಳ ಜೊತೆ. ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ವಾಷಿಂಗ್, ‘ಜನರಲ್ ಚೆಕಪ್’. ಇಷ್ಟೇ ಇತ್ತು ಅದರಲ್ಲಿ.

ಗಾಡಿ ಊರಿಗೆ ಬಂದ ವಾರದಲ್ಲೇ ಚಾರ್ಮಾಡಿ ಘಾಟಿ ಇಳಿದು ಉಜಿರೆಗೆ ಹೋಗಬೇಕಾಯಿತು. ವಾಪಸ್ ಹತ್ತಿ ಕೊಟ್ಟಿಗೆಹಾರ ದಾಟಿದ ಮೇಲೆ ಹಿಂದಿನಿಂದ ಗುಂಯ್ ಅನ್ನುವ ಸದ್ದು ಶುರುವಾಯಿತು. ಸ್ಪೀಡ್ ಏರಿದಂತೆ ಸದ್ದೂ ಏರುತ್ತಿತ್ತು. ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಅದೇ ಸದ್ದು ಗರಗರ ಅನ್ನುತ್ತಿತ್ತು. ಬಣಕಲ್ ಬರುವಷ್ಟರಲ್ಲಿ ಸೀಟಿನ ಕೆಳಗೆ ನಡುಕ ಗೊತ್ತಾಗುತ್ತಿತ್ತು. ನಿಧಾನಕ್ಕೆ ಮೂಡಿಗೆರೆವರೆಗೆ ತಂದು ಗ್ಯಾರೇಜಿನಲ್ಲಿ ಬಿಟ್ಟೆ.

ಮರುದಿನ ಬೆಳಿಗ್ಗೆ ಮೆಕ್ಯಾನಿಕ್ ಹಿಂದಿನ ಹೌಸಿಂಗಿನ ಡ್ರೇನ್ ಪ್ಲಗ್ (ಆಯಿಲ್ ಇಳಿಸುವ ತಳದ ಬಿರಡೆ) ಬಿಚ್ಚಿದರು. ಮೊದಲು ಬಂದಿದ್ದು ಆಯಿಲ್ ಅಲ್ಲ, ನೀರು. ರಾತ್ರಿಯಿಡೀ ಗಾಡಿ ನಿಂತಿದ್ದರಿಂದ ನೀರು ತಳಕ್ಕೆ ಇಳಿದು ಕೂತಿತ್ತು. ಅದರ ಹಿಂದೆಯೇ ಹಾಲು ಜಾಸ್ತಿಯಾದ ಕಾಫಿಯಂಥ ಬಣ್ಣದ ಎಣ್ಣೆ, ನಡುವೆ ಕಬ್ಬಿಣದ ಚೂರುಗಳು. ಪ್ಲಗ್ಗಿನ ಮ್ಯಾಗ್ನೆಟ್‌ಗೆ ಸಣ್ಣ ಕಪ್ಪು ಮುಲಾಮಿನಂತೆ ಪುಡಿ ಅಂಟಿದ್ದರೆ ಅದು ಸಹಜ, ಹೆದರಬೇಕಿಲ್ಲ. ಉಗುರಿಗೆ ಸಿಗುವಂಥ ಚೂರು ಬಂದರೆ ಒಳಗೆ ಹಲ್ಲು ಅಥವಾ ಬೇರಿಂಗ್ ಹೋಗಿದೆ ಅಂತಲೇ ಲೆಕ್ಕ. ನಮ್ಮದರಲ್ಲಿ ಎರಡೂ ಹೋಗಿದ್ದವು. ಪಿನಿಯನ್ (ಸಣ್ಣ ಹಲ್ಲಿನ ಚಕ್ರ) ಬೇರಿಂಗಿನ ರೋಲರುಗಳ ಮೇಲೆ ತುಕ್ಕಿನ ಗುಳಿ, ಅದು ತಿರುಗಿಸುವ ದೊಡ್ಡ ಚಕ್ರವಾದ ಕ್ರೌನ್‌ನ ಹಲ್ಲಿನ ಅಂಚೆಲ್ಲ ತಿಂದು ಹೋಗಿತ್ತು. ಮುಂದಿನ ಹೌಸಿಂಗಿನ ಎಣ್ಣೆಯೂ ಬೆಳ್ಳಗಾಗಲು ಶುರುವಾಗಿತ್ತು.

ಈ ನೀರು ಹೇಗೆ ಹೋಗುತ್ತದೆ ಅನ್ನುವುದನ್ನು ಎಲ್ಲರೂ ತಿಳಿದಿರಬೇಕು. ಹೌಸಿಂಗಿನ ಮೇಲ್ಭಾಗದಲ್ಲಿ ಬ್ರೀದರ್ ಅಂತ ಒಂದು ಪುಟ್ಟ ಟೋಪಿ ಇರುತ್ತದೆ. ಕೆಲವು ಗಾಡಿಗಳಲ್ಲಿ ಅಲ್ಲಿಂದ ಒಂದು ಸಣ್ಣ ಪೈಪು ಮೇಲಕ್ಕೆ ಹೋಗಿರುತ್ತದೆ. ಓಡುವಾಗ ಒಳಗಿನ ಎಣ್ಣೆ, ಗಾಳಿ ಎರಡೂ ಕಾಯುತ್ತವೆ, ಹಿಗ್ಗಿದ ಗಾಳಿ ಈ ಬ್ರೀದರಿನಿಂದ ಹೊರಗೆ ಹೋಗುತ್ತದೆ. ಕಾದ ಹೌಸಿಂಗ್ ಹಾಗೇ ಹಳ್ಳಕ್ಕೆ ಇಳಿದರೆ ಒಳಗಿನ ಗಾಳಿ ಒಮ್ಮೆಲೇ ತಣ್ಣಗಾಗಿ ಕುಗ್ಗುತ್ತದೆ, ಹೊರಗಿನಿಂದ ಏನಾದರೂ ಎಳೆದುಕೊಳ್ಳಲೇಬೇಕು. ಬ್ರೀದರ್ ಕೆಸರು ತುಂಬಿ ಕಟ್ಟಿಕೊಂಡಿದ್ದರೆ ಆಯಿಲ್ ಸೀಲಿನ ಸಂದಿಯಿಂದ ನೀರನ್ನೇ ಎಳೆದುಕೊಳ್ಳುತ್ತದೆ. ನಮ್ಮ ಗಾಡಿಯ ಬ್ರೀದರ್ ಟೋಪಿಯೊಳಗೆ ಕೆಂಪು ಮಣ್ಣು ಗಟ್ಟಿಯಾಗಿ ಕೂತಿತ್ತು, ತಂತಿ ಹಾಕಿ ಕೆರೆದು ತೆಗೆಯಬೇಕಾಯಿತು. ಹಿಂದಿನ ಮಾಲೀಕರು ಹೊಳೆ ದಾಟಿಸಿದ್ದಾರೆ, ಆಮೇಲೆ ಯಾರೂ ಆಯಿಲ್ ನೋಡಿಲ್ಲ. ತಂತಿಯಲ್ಲಿ ಕೆರೆದು ಕ್ಲೀನ್ ಮಾಡಿದ್ದರೆ ಆಗುತ್ತಿದ್ದ ಕೆಲಸಕ್ಕೆ ಕ್ರೌನ್ ಪಿನಿಯನ್, ಬೇರಿಂಗ್, ಸೀಲು, ಕೂಲಿ ಸೇರಿ ನನಗೆ ಬಿದ್ದ ಖರ್ಚು 40 ಸಾವಿರ ದಾಟಿತು. ಡೀಲರ್‌ಗೆ ಫೋನ್ ಮಾಡಿದರೆ ‘ಡೆಲಿವರಿ ಆದ ಮೇಲೆ ನಮಗೆ ಸಂಬಂಧ ಇಲ್ಲ’ ಅಂದುಬಿಟ್ಟರು. ನಿಜಕ್ಕೂ ಹೊಟ್ಟೆ ಉರಿಯಿತು.

ಟ್ರಾನ್ಸ್‌ಫರ್ ಕೇಸಿನ ಪ್ಲಗ್ ನೋಡಿದಾಗಲಂತೂ ಡೀಲರ್ ಹೇಳಿದ್ದು ಪೂರಾ ಸುಳ್ಳು ಅನ್ನುವುದು ಖಾತ್ರಿಯಾಯಿತು. ಅಂಡರ್‌ಕೋಟಿಂಗ್ ಕೆರೆದರೆ ಅದರ ಅಡಿಯಲ್ಲಿ ಹಳೇ ಮಣ್ಣು, ಮಣ್ಣಿನ ಅಡಿಯಲ್ಲಿ ಪ್ಲಗ್ಗಿನ ಮೂಲ ಬಣ್ಣ ಹಾಗೇ ಇತ್ತು. ಸ್ಪ್ಯಾನರ್ ಬಿದ್ದ ಒಂದು ಗೀರೂ ಇಲ್ಲ. ನೀವೂ ಇದನ್ನೇ ನೋಡಿ. ಆಯಿಲ್ ಬದಲಾಗಿದ್ದರೆ ಪ್ಲಗ್ಗಿನ ಮೂಲೆಗಳಲ್ಲಿ ಗುರುತು ಇದ್ದೇ ಇರುತ್ತದೆ. ಹೊಸ ಕಪ್ಪು ಬಣ್ಣ ಬಳಿದಿದ್ದರೆ ಇನ್ನೂ ಹುಷಾರಾಗಿರಿ. ಅದು ತುಕ್ಕನ್ನೂ ಮುಚ್ಚುತ್ತದೆ, ಆಯಿಲ್ ಸೋರಿದ ಕಲೆಯನ್ನೂ ಮುಚ್ಚುತ್ತದೆ.

ಗಾಡಿ ಈಗಾಗಲೇ ಮನೆಗೆ ಬಂದಿದ್ದರೆ ಮೊದಲ ವಾರದಲ್ಲೇ ಐದೂ ಆಯಿಲ್ ಬದಲಾಯಿಸಿಬಿಡಿ. ನಿಮ್ಮ ಕಣ್ಣೆದುರಿಗೇ ಬಿಚ್ಚಿಸಿ. ಡ್ರೇನ್ ಪ್ಲಗ್ಗಿಗಿಂತ ಮುಂಚೆ ಆಯಿಲ್ ತುಂಬುವ ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚುತ್ತದಾ ನೋಡಿ. ಹಳೇ ಆಯಿಲ್ ಇಳಿಸಿದ ಮೇಲೆ ಫಿಲ್ಲರ್ ತುಕ್ಕು ಹಿಡಿದು ಬಿಚ್ಚದಿದ್ದರೆ ಗಾಡಿ ಅಲ್ಲೇ ನಿಲ್ಲುತ್ತದೆ. ಒಂದೇ ಡಬ್ಬದಿಂದ ಎಲ್ಲದಕ್ಕೂ ಸುರಿಯಲು ಬಿಡಬೇಡಿ. ಹೌಸಿಂಗಿಗೆ ಸಾಮಾನ್ಯವಾಗಿ ಜಿಎಲ್-5 ದರ್ಜೆಯ ಆಯಿಲ್. ಹಲವು ಗೇರ್ ಬಾಕ್ಸುಗಳಿಗೆ ಬೇಕಾಗಿರುವುದು ಜಿಎಲ್-4, ಯಾಕೆಂದರೆ ಗೇರ್ ಸಲೀಸಾಗಿ ಬೀಳಲು ನೆರವಾಗುವ ಒಳಗಿನ ಹಿತ್ತಾಳೆ ಸಿಂಕ್ರೊ ರಿಂಗುಗಳಿಗೆ ಜಿಎಲ್-5 ಒಗ್ಗದೇ ಹೋಗಬಹುದು. ನಿಮ್ಮ ಗಾಡಿಯ ಮ್ಯಾನುಯಲ್‌ನಲ್ಲಿ ಏನಿದೆಯೋ ಅದೇ ಸರಿ, ಅಂಗಡಿಯವರ ಮಾತಲ್ಲ.

ಘಾಟಿ ಇಳಿಯುವವರು ಬ್ರೇಕ್ ಫ್ಲೂಯಿಡ್ ಕೂಡ ಬದಲಾಯಿಸಲೇಬೇಕು. ಅದು ಗಾಳಿಯಲ್ಲಿನ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಫ್ಲೂಯಿಡ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅನ್ನುವುದು ನಿಯಮ. ತೇವ ಹೀರಿದ್ದಕ್ಕೆ ಆ ಮಿತಿ 155ಕ್ಕೆ ಇಳಿಯುತ್ತದೆ. ಇಳಿಜಾರಿನಲ್ಲಿ ಕುದಿದರೆ ಪೆಡಲ್ ನೆಲಕ್ಕೆ ಹೋಗುತ್ತದೆ. ಹೌಸಿಂಗಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್‌ಗಳಿಗೆ (ಕೀಲುಗಳಿಗೆ) ಗ್ರೀಸ್ ಹೊಡೆಸಿ. ಎಂಜಿನ್‌ನಲ್ಲಿ ಟೈಮಿಂಗ್ ಬೆಲ್ಟ್ ಇದ್ದು ಅದು ಯಾವಾಗ ಬದಲಾಯಿತು ಅನ್ನುವ ದಾಖಲೆ ಇಲ್ಲದಿದ್ದರೆ ಹೊಸದು ಹಾಕಿಸಿ. ಅದು ತುಂಡಾದರೆ ಬಹಳಷ್ಟು ಎಂಜಿನ್‌ಗಳಲ್ಲಿ ವಾಲ್ವ್ ಹೋಗಿ ಪಿಸ್ಟನ್‌ಗೆ ಬಡಿಯುತ್ತದೆ. ಫೋರ್ ವೀಲ್ ಲಿವರನ್ನು ಮಣ್ಣಿನ ರಸ್ತೆಯಲ್ಲೇ ಹಾಕಿ ನೋಡಿ, ಒಣಗಿದ ಟಾರ್ ಮೇಲೆ ಬೇಡ. ಮುಂದೆ ಹಿಂದೆ ಬೇರೆ ಬೇರೆ ಸೈಜಿನ ಟೈರ್ ಇದ್ದರೂ ಫೋರ್ ವೀಲ್ ಹಾಕಬೇಡಿ, ಟ್ರಾನ್ಸ್‌ಫರ್ ಕೇಸಿನ ಮೇಲೆ ವಿಪರೀತ ಒತ್ತಡ ಬೀಳುತ್ತದೆ.

ಇನ್ನೂ ಕೊಂಡಿಲ್ಲದವರು ಅಡ್ವಾನ್ಸ್ ಕೊಡುವ ಮುಂಚೆ ನಿಮ್ಮ ನಂಬಿಕೆಯ ಮೆಕ್ಯಾನಿಕ್‌ನನ್ನು ಕರೆದುಕೊಂಡು ಬೆಳಿಗ್ಗೆಯೇ ಹೋಗಿ, ಗಾಡಿ ಸ್ಟಾರ್ಟ್ ಮಾಡುವುದಕ್ಕೆ ಮೊದಲು. ಎರಡೂ ಹೌಸಿಂಗಿನ ಡ್ರೇನ್ ಪ್ಲಗ್ ಸ್ವಲ್ಪ ಸಡಿಲ ಮಾಡಿಸಿ, ಬಿಳಿ ಬಟ್ಟಲಲ್ಲಿ ಎರಡು ಚಮಚ ಹಿಡಿದು ನೋಡಿ. ಐದು ನಿಮಿಷದ ಕೆಲಸ ಇದು. ಮಾರುವವರು ಪ್ಲಗ್ ಮುಟ್ಟಲು ಬಿಡುವುದಿಲ್ಲ ಅಂದರೆ ಆ ಗಾಡಿ ಬಿಟ್ಟು ಬೇರೆ ನೋಡಿ.