ವೈಟ್‌ಫೀಲ್ಡ್: ಮೆಟ್ರೊಗೆ ಪೂರ್ಣ ಅಂಕ, ನಲ್ಲಿಗೆ ಅರ್ಧ

ವೈಟ್‌ಫೀಲ್ಡಿನಲ್ಲಿ ಬಾಡಿಗೆ ಮನೆ ನೋಡಲು ಬಂದವರು ಮೊದಲು ಕೇಳುವುದು ಆಫೀಸಿಗೆ ಎಷ್ಟು ದೂರ ಎಂದು. ಆ ಪ್ರಶ್ನೆಯ ಭಾರ ಈಗ ಅರ್ಧಕ್ಕಿಂತ ಹೆಚ್ಚು ಇಳಿದಿದೆ. ಮೊದಲು ಕೇಳಬೇಕಾದದ್ದು, ಈ ಮನೆಯ ಸಂಪಿಗೆ (ನೆಲದಡಿಯ ತೊಟ್ಟಿಗೆ) ನೀರು ಎಲ್ಲಿಂದ ಬರುತ್ತದೆ ಎಂದು. ಮೆಟ್ರೊ, ರೈಲು, ಬಸ್ಸು, ನೀರು ಇಷ್ಟನ್ನೂ ತೂಗಿ ನೋಡಿದರೆ ಈ ಉಪನಗರದ ಓಡಾಟ ಚೆನ್ನಾಗಿದೆ. ನೀರು ಇನ್ನೂ ಬೀದಿ ನೋಡಿ, ಕಟ್ಟಡ ನೋಡಿ ಹೇಳಬೇಕಾದ ಮಾತು. ಎರಡಕ್ಕೂ ಕಾರಣ ಊರು ಹುಟ್ಟಿದ ರೀತಿಯಲ್ಲೇ ಇದೆ.

ಬೆಂಗಳೂರು–ಜೋಲಾರಪೇಟೆ ರೈಲು ಮಾರ್ಗ ಶುರುವಾದದ್ದು 1864ರಲ್ಲಿ. ಅದಾಗಿ 18 ವರ್ಷದ ಮೇಲೆ, 1882ರಲ್ಲಿ, ಮೈಸೂರಿನ ಮಹಾರಾಜ ಚಾಮರಾಜೇಂದ್ರ ಒಡೆಯರು ಆಂಗ್ಲೋ ಇಂಡಿಯನ್ ಕುಟುಂಬಗಳು ಬೇಸಾಯ ಮಾಡಿಕೊಂಡು ನೆಲೆಸಲೆಂದು ಈ ಭಾಗದಲ್ಲಿ ಭೂಮಿ ಕೊಟ್ಟರು. ಆ ಯೋಜನೆಯ ಹಿಂದಿದ್ದವರು ಮದರಾಸಿನ ಡಿ.ಎಸ್. ವೈಟ್. ಊರಿಗೆ ಬಂದದ್ದು ಅವರದೇ ಹೆಸರು. ನಡುವೆ ದುಂಡಗಿನ ಬಯಲು, ಸುತ್ತ ಮನೆಗಳು, ಆಚೆಗೆ ಹೊಲ: ಇದು ಅವರ ನಕ್ಷೆ. ಇಂದಿನ ಇನ್ನರ್ ಸರ್ಕಲ್, ಔಟರ್ ಸರ್ಕಲ್ ರಸ್ತೆಗಳು ಆ ನಕ್ಷೆಯ ಗೆರೆಗಳೇ. ಮ್ಯಾಪಿನಲ್ಲಿ ನೋಡಿದರೆ, ಸುತ್ತಲಿನ ಅಂಕುಡೊಂಕು ಬಡಾವಣೆಗಳ ನಡುವೆ ಬಳೆ ಇಟ್ಟ ಹಾಗೆ ಕಾಣುತ್ತವೆ.

ರೈಲು ನಿಲ್ದಾಣ ಇದ್ದದ್ದು ಮಾತ್ರ ಆ ಬಳೆಯೊಳಗಲ್ಲ, ಸುಮಾರು 3 ಕಿ.ಮೀ. ಉತ್ತರಕ್ಕೆ, ಕಾಡುಗೋಡಿಯಲ್ಲಿ. ನಿಲ್ದಾಣದ ಹೆಸರು ವೈಟ್‌ಫೀಲ್ಡ್, ಜಾಗ ಕಾಡುಗೋಡಿ. ಮೆಟ್ರೊ ಬಂದಾಗಲೂ ಕೊನೆಯ ನಿಲ್ದಾಣ ಅದೇ ರೈಲು ನಿಲ್ದಾಣದ ಮಗ್ಗುಲಿಗೆ ಬಂತು, ಹೆಸರು ‘ವೈಟ್‌ಫೀಲ್ಡ್ (ಕಾಡುಗೋಡಿ)’. ಹೊಸಬರು ತಪ್ಪುವುದೇ ಇಲ್ಲಿ. ಹಳೆಯ ವೈಟ್‌ಫೀಲ್ಡಿಗೆ, ಅಂದರೆ ಇನ್ನರ್ ಸರ್ಕಲ್ ಕಡೆಗೆ ಹೋಗುವವರು ಕೊನೆಯವರೆಗೆ ಹೋಗಬಾರದು. ಅದಕ್ಕೆ ಹತ್ತಿರದ್ದು ‘ಹೋಪ್‌ಫಾರ್ಮ್ ಚನ್ನಸಂದ್ರ’. ಅಲ್ಲಿಂದಲೂ ಆಟೊ ಬೇಕು. ಕಾಡುಗೋಡಿಯಲ್ಲಿ ಇಳಿದರೆ ಬಂದ ದಾರಿಯಲ್ಲೇ ಹಿಂದಕ್ಕೆ ಬರಬೇಕು, ಆಟೊ ಬಾಡಿಗೆಯೂ ಜಾಸ್ತಿ.

ಇಂಥದೇ ಇನ್ನೊಂದು ಹೆಸರಿನ ಗೊಂದಲ ‘ಕುಂದಲಹಳ್ಳಿ’. ಈ ಮೆಟ್ರೊ ನಿಲ್ದಾಣ ಇರುವುದು ಐಟಿಪಿಎಲ್ (ಇಲ್ಲಿನ ದೊಡ್ಡ ಟೆಕ್ ಪಾರ್ಕ್) ಮುಖ್ಯರಸ್ತೆಯಲ್ಲಿ. ಎಲ್ಲರ ಬಾಯಲ್ಲಿರುವ ಕುಂದಲಹಳ್ಳಿ ಗೇಟ್ ಇರುವುದು ದಕ್ಷಿಣಕ್ಕೆ, ವರ್ತೂರು ರಸ್ತೆಯ ಮೇಲೆ, ನಡುವೆ ಇಡೀ ಬ್ರೂಕ್‌ಫೀಲ್ಡ್ ಇದೆ. ಗೇಟಿನ ಬಳಿ ಮನೆ ತೋರಿಸಿ ‘ಮೆಟ್ರೊ ಪಕ್ಕದಲ್ಲೇ’ ಎಂದರೆ ನಂಬಬೇಡಿ, ಒಮ್ಮೆ ನಡೆದು ನೋಡಿ. ಟೆಕ್ ಪಾರ್ಕಿಗೆ ‘ಪಟ್ಟಂದೂರು ಅಗ್ರಹಾರ’, ಸಾಯಿಬಾಬಾ ಆಸ್ಪತ್ರೆಗೆ ‘ಶ್ರೀ ಸತ್ಯಸಾಯಿ ಆಸ್ಪತ್ರೆ’ ನಿಲ್ದಾಣ. 2001ರ ಜನವರಿಯಲ್ಲಿ ಶುರುವಾದ ಆ ಆಸ್ಪತ್ರೆಯಲ್ಲಿ ಹೃದಯ ಮತ್ತು ನರರೋಗ ಚಿಕಿತ್ಸೆ ಪೂರ್ತಿ ಉಚಿತ. ಹೊರ ಜಿಲ್ಲೆಗಳಿಂದ ರೋಗಿಯನ್ನು ಕರೆತರುವವರಿಗೆ ಮೆಟ್ರೊ ನಿಜವಾದ ಉಪಕಾರ ಮಾಡಿದೆ. ಮೆಜೆಸ್ಟಿಕ್‌ನಲ್ಲಿ ಬಸ್ಸೋ ರೈಲೋ ಇಳಿದು ಮೆಟ್ರೊ ಹತ್ತಿದರೆ ಬಂಡಿ ಬದಲಿಸುವ ಕೆಲಸವಿಲ್ಲ, ಆಸ್ಪತ್ರೆಯ ಹತ್ತಿರವೇ ಇಳಿಯಬಹುದು.

ಮೆಟ್ರೊ ಒಂದೇ ಸಲಕ್ಕೆ ಸರಿಹೋಗಲಿಲ್ಲ. 2023ರ ಮಾರ್ಚ್ 25ರಂದು ಕೆ.ಆರ್. ಪುರದಿಂದ ವೈಟ್‌ಫೀಲ್ಡಿಗೆ 13.71 ಕಿ.ಮೀ., 12 ನಿಲ್ದಾಣಗಳು ಶುರುವಾದವು. ಆದರೆ ಕೆ.ಆರ್. ಪುರಕ್ಕೂ ಬೈಯಪ್ಪನಹಳ್ಳಿಗೂ ನಡುವಿನ ಎರಡು ಚಿಲ್ಲರೆ ಕಿಲೋಮೀಟರ್ ಬಾಕಿ ಉಳಿಯಿತು. ಬೆನ್ನಿಗಾನಹಳ್ಳಿಯಲ್ಲಿ ರೈಲು ಹಳಿಗಳ ಮೇಲೆ ಉಕ್ಕಿನ ಸೇತುವೆ ಕೂರಿಸುವ ಕೆಲಸ ಮುಗಿದಿರಲಿಲ್ಲ. ಆರು ತಿಂಗಳಿಗೂ ಹೆಚ್ಚು ಕಾಲ ಜನ ಮೆಟ್ರೊ ಇಳಿದು, ಬಸ್ಸು ಹತ್ತಿ, ಮತ್ತೆ ಮೆಟ್ರೊ ಹತ್ತಿದರು. ಅಕ್ಟೋಬರ್ 9ರಂದು ಆ ತುಂಡು ಸೇರಿದ ಮೇಲೆಯೇ ಈ ಸೇವೆ ಸೇವೆಯಾದದ್ದು. ಈಗ ಚಲ್ಲಘಟ್ಟದಿಂದ ವೈಟ್‌ಫೀಲ್ಡಿಗೆ 43.49 ಕಿ.ಮೀ., 37 ನಿಲ್ದಾಣ, ಒಂದೇ ಬಂಡಿ.

2025ರ ಫೆಬ್ರವರಿಯಲ್ಲಿ ದರ ಏರಿತು. ಮೊದಲ 2 ಕಿ.ಮೀ.ಗೆ 10 ರೂ., ಆಮೇಲೆ 10 ಕಿ.ಮೀ.ವರೆಗೆ ಪ್ರತಿ 2 ಕಿ.ಮೀ.ಗೆ ಹತ್ತು ಹತ್ತು ರೂಪಾಯಿ, 25 ಕಿ.ಮೀ. ದಾಟಿದರೆ 90 ರೂ. ದಿನಾ ಹೋಗಿಬರುವವರಿಗೆ ಇದು ಹೊರೆಯೇ ಸರಿ, ಅದರಲ್ಲೂ ಟೆಕ್ ಪಾರ್ಕುಗಳ ಕಾವಲು, ಕ್ಯಾಂಟೀನು, ಸಫಾಯಿ ಕೆಲಸದವರಿಗೆ. ಟೋಕನ್ ಬಿಟ್ಟು ಸ್ಮಾರ್ಟ್ ಕಾರ್ಡ್ ಇಟ್ಟುಕೊಂಡರೆ 5%, ದಟ್ಟಣೆಯಿಲ್ಲದ ಹೊತ್ತಿನಲ್ಲಿ ಒಟ್ಟು 10% ಉಳಿಯುತ್ತದೆ. ಕಾರ್ಡಿನಲ್ಲಿ 90 ರೂ. ಇಲ್ಲದಿದ್ದರೆ ಗೇಟು ತೆರೆಯುವುದಿಲ್ಲ. ಬೆಳಗ್ಗೆ ಆತುರದಲ್ಲಿ ಎಡವುವುದು ಇಲ್ಲೇ, ಹಿಂದಿನ ರಾತ್ರಿಯೇ ರೀಚಾರ್ಜ್ ಮಾಡಿಡಿ. ಊರಿಗೆ ಹೋಗಿ ಸೋಮವಾರ ಬೆಳಗಿನ ಜಾವ ಬಂದಿಳಿಯುವವರಿಗೆಂದು 2025ರ ಜನವರಿಯಿಂದ ಸೋಮವಾರಗಳಲ್ಲಿ 4:15ಕ್ಕೇ ಮೆಟ್ರೊ ಶುರು ಮಾಡಿದ್ದು ಬಹಳ ಒಳ್ಳೆಯ ಕೆಲಸ.

ಮೆಟ್ರೊ ಮುಟ್ಟದ ಕಡೆ ವರ್ತೂರು, ಮಾರತಹಳ್ಳಿ. ಅಲ್ಲಿಗೆ ಬಸ್ಸೇ ಗತಿ, ಮತ್ತು ಆ ಬಸ್ಸಿಗೆ ಸಂಜೆಯ ಟ್ರಾಫಿಕ್ಕೇ ಗತಿ. ರೈಲಿನಲ್ಲಿ ಬಂಗಾರಪೇಟೆ ಕಡೆಯಿಂದ ಬರುವವರಿಗೆ ಕಾಡುಗೋಡಿಯಲ್ಲಿ ಇಳಿದು ಮೆಟ್ರೊ ಹಿಡಿಯುವುದು ಈಗ ಸುಲಭದ ದಾರಿ. ಮೆಜೆಸ್ಟಿಕ್‌ವರೆಗೆ ಹೋಗಿ ಹಿಂದಕ್ಕೆ ಬರಬೇಕಿಲ್ಲ.

ಇನ್ನು ನೀರು. ವರ್ಷವಿಡೀ ಹರಿಯುವ ಹೊಳೆ ಹತ್ತಿರದಲ್ಲಿಲ್ಲದ ಜಾಗ ಇದು. ಕೆರೆ, ಬಾವಿ, ಮಳೆ ಇಷ್ಟರ ಮೇಲೆ ಹೊಲ ಮನೆ ನಡೆಯುತ್ತಿತ್ತು. 1990ರ ದಶಕದ ಕೊನೆಗೆ 69 ಎಕರೆಯ ಐಟಿಪಿಎಲ್ ಬಂದಾಗ ಅದು ಕಾಂಪೌಂಡಿನ ಒಳಗೆ ತನ್ನದೇ ವಿದ್ಯುತ್ ಘಟಕ ಕಟ್ಟಿಕೊಂಡಿತು. ಆಮೇಲೆ ಬಂದ ದೊಡ್ಡ ಅಪಾರ್ಟ್‌ಮೆಂಟುಗಳೂ ಹಾಗೆಯೇ: ತಮ್ಮ ಬೋರ್‌ವೆಲ್, ತಮ್ಮ ಜನರೇಟರ್, ತಮ್ಮ ಎಸ್‌ಟಿಪಿ (ಕೊಳಚೆ ನೀರು ಶುದ್ಧಿ ಘಟಕ). ಕಾಂಪೌಂಡಿನ ಹೊರಗಿನ ಬೀದಿಗೆ ಪೈಪು, ಮೋರಿ, ಫುಟ್‌ಪಾತ್ ಹಾಕುವ ಕೆಲಸ ಹಿಂದೆ ಬಿತ್ತು. ಆಗ ಇದು ನಗರ ಪಾಲಿಕೆಯ ವ್ಯಾಪ್ತಿಯಲ್ಲೂ ಇರಲಿಲ್ಲ. ಮಹದೇವಪುರ ನಗರಸಭೆ ಬಿಬಿಎಂಪಿಗೆ ಸೇರಿದ್ದು 2007ರಲ್ಲಿ. 2025ರ ಸೆಪ್ಟೆಂಬರಿನಿಂದ ಇದು ಬೆಂಗಳೂರು ಪೂರ್ವ ನಗರ ಪಾಲಿಕೆಯ ಪಾಲಿಗೆ ಬಂದಿದೆ.

ಕಾವೇರಿ ನೀರು ಸುಮಾರು 100 ಕಿ.ಮೀ. ಆಚೆಯ ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಪಂಪ್ ಆಗಿ ನಗರಕ್ಕೆ ಬರುತ್ತದೆ. ವೈಟ್‌ಫೀಲ್ಡ್ ಇರುವುದು ನಗರದ ಪೂರ್ವ ತುದಿಯಲ್ಲಿ, ಪೈಪಿನ ಬಾಲದಲ್ಲಿ. ತುದಿಯಲ್ಲಿ ಒತ್ತಡ ಕಮ್ಮಿ. ಇಲ್ಲಿ ಬಳಸಿ ಬಿಟ್ಟ ನೀರು ಮತ್ತೆ ಕಾವೇರಿಗೆ ಹೋಗುವುದಿಲ್ಲ, ವರ್ತೂರು ಕೆರೆ ಹಾಯ್ದು ದಕ್ಷಿಣ ಪಿನಾಕಿನಿಯ ಕಡೆಗೆ ಇಳಿಯುತ್ತದೆ. ದಿನಕ್ಕೆ 775 ದಶಲಕ್ಷ ಲೀಟರಿನ ಕಾವೇರಿ 5ನೇ ಹಂತ 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾಯಿತು. ಅದು 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದು ಕಟ್ಟಿದ್ದು. ನಗರಕ್ಕೆ ನೀರು ಬಂತೆಂದರೆ ನಿಮ್ಮ ಸಂಪಿಗೆ ಬಂತೆಂದಲ್ಲ. ಬೀದಿಯಲ್ಲಿ ಪೈಪು ಇರಬೇಕು, ಕಟ್ಟಡದ ಮಾಲೀಕರು ಜಲಮಂಡಳಿಗೆ ಹಣ ಕಟ್ಟಿ ಸಂಪರ್ಕ ಪಡೆದಿರಬೇಕು. ಮನೆ ನೋಡುವಾಗ ‘ಕಾವೇರಿ ಇದೆ’ ಎಂಬ ಬಾಯಿಮಾತು ಸಾಲದು. ಜಲಮಂಡಳಿಯ ಹಿಂದಿನ ಮೂರು ತಿಂಗಳ ಬಿಲ್ ಕೇಳಿ. ಮೀಟರ್ ಎಷ್ಟು ಸಾವಿರ ಲೀಟರ್ ಓಡಿದೆ ಎಂಬುದು ಅದರಲ್ಲೇ ಇರುತ್ತದೆ. ಕನಿಷ್ಠ ಶುಲ್ಕದ ಬಿಲ್ ಮಾತ್ರ ಬಂದಿದ್ದರೆ ಸಂಪರ್ಕ ಇದೆ, ನೀರು ಇಲ್ಲ.

ನಾಲ್ಕು ಜನರ ಮನೆಗೆ ತಲೆಗೆ 135 ಲೀಟರಿನಂತೆ ದಿನಕ್ಕೆ 540 ಲೀಟರ್. 6,000 ಲೀಟರಿನ ಒಂದು ಟ್ಯಾಂಕರ್ ನೀರು 11 ದಿನಕ್ಕೆ ಸಾಕಾಗಬೇಕು. 2024ರ ಮಾರ್ಚ್‌ನಲ್ಲಿ ಬರದ ಹೊತ್ತಿಗೆ ಜಿಲ್ಲಾಡಳಿತ ಕಟ್ಟಿದ ದರ 5 ಕಿ.ಮೀ. ಒಳಗೆ 6,000 ಲೀಟರಿಗೆ 600 ರೂ., 8,000ಕ್ಕೆ 700, 12,000ಕ್ಕೆ 1,000. ಅಂದರೆ ಸಣ್ಣ ಟ್ಯಾಂಕರಿನಲ್ಲಿ ಸಾವಿರ ಲೀಟರಿಗೆ 100 ರೂ. ಆಗ ಕಾವೇರಿ ನೀರಿನ ಮೊದಲ 8,000 ಲೀಟರಿಗೆ ಗೃಹಬಳಕೆಯ ದರ ಸಾವಿರಕ್ಕೆ 7 ರೂ. ಇತ್ತು. 2025ರ ಏಪ್ರಿಲ್‌ನಲ್ಲಿ ನೀರಿನ ದರ ಏರಿದೆ, ಆದರೂ ಟ್ಯಾಂಕರಿನ ಹತ್ತಿರಕ್ಕೂ ಬರುವುದಿಲ್ಲ. ಬಾಡಿಗೆಯಲ್ಲಿ ಎರಡು ಸಾವಿರ ಉಳಿಸಿ ಟ್ಯಾಂಕರ್ ಮನೆಗೆ ಹೋದವರು ಬೇಸಗೆಯಲ್ಲಿ ಅದನ್ನೆಲ್ಲ ನೀರಿಗೇ ಸುರಿಯುತ್ತಾರೆ.

ಟ್ಯಾಂಕರ್ ಹೇಳಿದಷ್ಟು ನೀರು ತಂದಿದೆಯೇ ಎಂದು ಅಳೆಯುವುದು ಕಷ್ಟವಲ್ಲ. ಸಂಪಿನ ಒಳಗಿನ ಉದ್ದ ಅಗಲ ಒಮ್ಮೆ ಅಳೆದಿಟ್ಟುಕೊಳ್ಳಿ. ಎರಡೂವರೆ ಮೀಟರ್ ಉದ್ದ, ಎರಡು ಮೀಟರ್ ಅಗಲ ಇದ್ದರೆ ತಳ 5 ಚದರ ಮೀಟರ್, ನೀರು 20 ಸೆಂ.ಮೀ. ಏರಿದರೆ 1,000 ಲೀಟರ್. ಒಣ ಬಿದಿರು ಕೋಲಿಗೆ 20 ಸೆಂ.ಮೀ.ಗೊಂದು ಗೆರೆ ಹಾಕಿ, ಪೈಪು ಬಿಡುವ ಮೊದಲೊಮ್ಮೆ, ತೆಗೆದ ಮೇಲೊಮ್ಮೆ ಅದ್ದಿ ನೋಡಿ. 6,000 ಲೀಟರಿಗೆ ಮೊದಲಿಗಿಂತ ಆರು ಗೆರೆ ಹೆಚ್ಚು ಒದ್ದೆಯಾಗಬೇಕು. ಆ ಹೊತ್ತಿಗೆ ಮೇಲಿನ ಟ್ಯಾಂಕಿಗೆ ಮೋಟರ್ ಹಾಕಿರಬಾರದು, ಕಾವೇರಿ ವಾಲ್ವೂ ಮುಚ್ಚಿರಬೇಕು. ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ, ಸುಮ್ಮನೆ ಜಗಳವಾಗುತ್ತದೆ.

ಟ್ಯಾಂಕರ್ ನೀರು ಹೆಚ್ಚಾಗಿ ಬೋರ್‌ವೆಲ್ ನೀರೇ, ಗಡಸು. ಮನೆ ನೋಡಲು ಹೋದಾಗ ಬಚ್ಚಲ ಷವರಿನ ತೂತುಗಳನ್ನೂ ನಲ್ಲಿಯ ಬುಡವನ್ನೂ ನೋಡಿ. ಬಿಳಿ ಚಕ್ಕೆ ಕಟ್ಟಿ ಅರ್ಧ ತೂತು ಮುಚ್ಚಿದ್ದರೆ ಗೀಸರಿನ ಕಾಯಿಲೂ ಹಾಗೇ ಇರುತ್ತದೆ: ನೀರು ಕಾಯಲು ಹೊತ್ತು ಹಿಡಿಯುತ್ತದೆ, ಕರೆಂಟ್ ಬಿಲ್ ಏರುತ್ತದೆ, ಕೊನೆಗೆ ಕಾಯಿಲ್ ಸುಟ್ಟುಹೋಗುತ್ತದೆ. ಕುಡಿಯುವ ನೀರಿನ ಮಾನದಂಡದಲ್ಲಿ ಗಡಸುತನ ಲೀಟರಿಗೆ 200 ಮಿ.ಗ್ರಾಂ. ಒಳಗಿದ್ದರೆ ಒಳ್ಳೆಯದು, ಬೇರೆ ನೀರು ಸಿಗದಿದ್ದರೆ 600ರವರೆಗೆ ನಡೆಯುತ್ತದೆ. ಕೈಯಲ್ಲಿ ಹಿಡಿಯುವ ಟಿಡಿಎಸ್ ಮೀಟರ್ ಲವಣ ಎಷ್ಟಿದೆ ಎಂದು ಮಾತ್ರ ಹೇಳುತ್ತದೆ. ಮೋರಿ ನೀರು ಬೆರೆತಿದೆಯೇ, ನೈಟ್ರೇಟ್ 45 ಮಿ.ಗ್ರಾಂ. ದಾಟಿದೆಯೇ ಎಂಬುದಕ್ಕೆ ಲ್ಯಾಬ್ ಪರೀಕ್ಷೆಯೇ ಬೇಕು. ಮಕ್ಕಳಿರುವ ಮನೆಯವರು ಇದನ್ನು ತಪ್ಪಿಸಬಾರದು.

ಕರಾರು ಬರೆಯುವಾಗ ಟ್ಯಾಂಕರ್ ಖರ್ಚು ಮೆಂಟೆನೆನ್ಸಿನಲ್ಲಿ ಸೇರಿದೆಯೋ ಬೇರೆಯೋ, ಬೇರೆಯಾದರೆ ಮನೆಗೊಂದರಂತೆ ಹಂಚುತ್ತಾರೋ ಮೀಟರ್ ನೋಡಿ ಹಂಚುತ್ತಾರೋ ಎಂಬುದನ್ನು ಒಂದು ಸಾಲಿನಲ್ಲಿ ಬರೆಸಿಕೊಳ್ಳಿ. ಮನೆಮನೆಗೆ ಮೀಟರ್ ಇಲ್ಲದ ಕಟ್ಟಡದಲ್ಲಿ ಇಬ್ಬರಿರುವ ಮನೆಯೂ ಆರು ಜನರಿರುವ ಮನೆಯೂ ಒಂದೇ ಮೊತ್ತ ಕಟ್ಟುತ್ತವೆ.