ಅವಲಾನ್ ಪ್ರಾಜೆಕ್ಟ್: ಪ್ರತ್ಯೇಕತೆಯ ವಾದವನ್ನು ಮೂಲದಲ್ಲೇ ಓದಲು

ಅಮೆರಿಕದ ರಾಜ್ಯಗಳಿಗೆ ಒಕ್ಕೂಟವನ್ನು ತೊರೆಯುವ ಹಕ್ಕಿತ್ತೇ ಎಂಬುದರ ಬಗ್ಗೆ ಇತರರ ವಿವರಣೆಗಳನ್ನು ಎಷ್ಟು ಓದಿದರೂ ಉಳಿಯುವ ಸಂಶಯ, ಅಂದು ವಾದಿಸಿದವರ ಮಾತನ್ನೇ ಓದಿದಾಗ ಬಹುಮಟ್ಟಿಗೆ ತೀರುತ್ತದೆ. ಇದಕ್ಕಾಗಿ ನಾನು ಮತ್ತೆ ಮತ್ತೆ ಆಶ್ರಯಿಸುವುದು ಯೇಲ್ ಕಾನೂನು ಶಾಲೆಯ ಗ್ರಂಥಾಲಯ ಅಂತರಜಾಲದಲ್ಲಿ ಉಚಿತವಾಗಿ ಒದಗಿಸಿರುವ ಅವಲಾನ್ ಪ್ರಾಜೆಕ್ಟ್ ಎಂಬ ದಾಖಲೆ ಸಂಗ್ರಹವನ್ನು.

ಇಲ್ಲಿ ಮೂಲಪಠ್ಯವೇ ಮುಖ್ಯ, ವ್ಯಾಖ್ಯಾನದ ಹೊರೆಯಿಲ್ಲ. ಈಗಿನ ಸಂವಿಧಾನಕ್ಕೂ ಮುಂಚೆ, 1781ರಲ್ಲಿ ಜಾರಿಗೆ ಬಂದ ಒಕ್ಕೂಟದ ಒಪ್ಪಂದವನ್ನು (ಆರ್ಟಿಕಲ್ಸ್ ಆಫ್ ಕಾನ್ಫೆಡರೇಷನ್) ತೆರೆದರೆ, ಪ್ರತಿ ರಾಜ್ಯವೂ ತನ್ನ ಸಾರ್ವಭೌಮತ್ವವನ್ನು ಉಳಿಸಿಕೊಳ್ಳುತ್ತದೆ ಎಂದು ಎರಡನೆಯ ವಿಧಿಯೂ, ಒಕ್ಕೂಟವು ಶಾಶ್ವತ ಎಂದು ಹದಿಮೂರನೆಯ ವಿಧಿಯೂ ಹೇಳುವುದು ಕಾಣುತ್ತದೆ. ಮುಂದಿನ ಎಂಟು ದಶಕಗಳ ವಿವಾದದ ಎರಡೂ ಬೀಜಗಳು ಒಂದೇ ಪತ್ರದಲ್ಲಿವೆ. 1787ರ ಸಂವಿಧಾನವಂತೂ ಹೊರನಡೆಯುವ ಬಗ್ಗೆ ಏನನ್ನೂ ಹೇಳುವುದಿಲ್ಲ. ಕೇಂದ್ರದ ಸಂವಿಧಾನಬಾಹಿರ ಕಾಯಿದೆಗಳನ್ನು ರಾಜ್ಯಗಳು ಪ್ರತಿರೋಧಿಸಬಹುದೆಂದು ಜೆಫರ್ಸನ್ ಮತ್ತು ಮ್ಯಾಡಿಸನ್ ಬರೆದ 1798ರ ಕೆಂಟಕಿ, ವರ್ಜೀನಿಯಾ ನಿರ್ಣಯಗಳೂ ಇಲ್ಲಿ ಸಿಗುತ್ತವೆ.

ಆದರೆ ಸಂಗ್ರಹದ ನಿಜವಾದ ಬೆಲೆ ತಿಳಿಯುವುದು ದಕ್ಷಿಣ ಕೆರೊಲಿನಾದ ಎರಡು ದಾಖಲೆಗಳನ್ನು ಅಕ್ಕಪಕ್ಕ ಇಟ್ಟು ಓದಿದಾಗ. ಕೇಂದ್ರದ ಸುಂಕ ಕಾಯಿದೆಗಳು ತನ್ನ ಮೇಲೆ ಅಸಿಂಧು ಎಂದು 1832ರ ನವೆಂಬರ್ 24ರಂದು ಘೋಷಿಸಿದ ಅದೇ ರಾಜ್ಯ, ಒಕ್ಕೂಟವನ್ನು ತೊರೆದ ಕಾರಣಗಳನ್ನು ವಿವರಿಸುವ 1860ರ ಡಿಸೆಂಬರ್ 24ರ ಘೋಷಣೆಯಲ್ಲಿ, ಓಡಿಹೋದ ಗುಲಾಮರನ್ನು ಹಿಡಿದೊಪ್ಪಿಸಬೇಕೆಂಬ ಕೇಂದ್ರದ ಕಾಯಿದೆಯನ್ನು ಉತ್ತರದ ರಾಜ್ಯಗಳು ತಮ್ಮ ಶಾಸನಗಳಿಂದ ಅಸಿಂಧುಗೊಳಿಸುತ್ತಿವೆ ಎಂದು ದೂರುತ್ತದೆ. ಹಿಂದೆ ಹಕ್ಕೆಂದು ಎತ್ತಿಹಿಡಿದ ಪದವೇ ಇಲ್ಲಿ ಆರೋಪವಾಗಿದೆ. ಈ ತಿರುವನ್ನು ಮೊದಲ ಬಾರಿ ಕಂಡ ದಿನ ನಾನು ಬಹಳ ಹೊತ್ತು ಆ ಪುಟವನ್ನು ಬಿಟ್ಟು ಏಳಲಾಗಲಿಲ್ಲ. ಒಕ್ಕೂಟವನ್ನು ತೊರೆದ ಮತ್ತೊಂದು ರಾಜ್ಯವಾದ ಮಿಸಿಸಿಪ್ಪಿಯ ಇಂಥದೇ ಘೋಷಣೆಯಲ್ಲಿ ಇಷ್ಟು ಸುತ್ತುಬಳಸೂ ಇಲ್ಲ. ತಮ್ಮ ನಿಲುವು ಗುಲಾಮಗಿರಿಯ ವ್ಯವಸ್ಥೆಯೊಂದಿಗೆ ಸಂಪೂರ್ಣ ಬೆಸೆದುಕೊಂಡಿದೆ ಎಂದು ಅದು ಆರಂಭದಲ್ಲೇ ಸಾರುತ್ತದೆ.

ಎದುರು ಪಕ್ಷಕ್ಕಾಗಿ ದಕ್ಷಿಣ ಕೆರೊಲಿನಾದ ಸುಂಕದ ಘೋಷಣೆಯನ್ನು ತಿರಸ್ಕರಿಸಿದ 1832ರ ಡಿಸೆಂಬರ್ 10ರ ಅಧ್ಯಕ್ಷ ಜಾಕ್ಸನ್ ಅವರ ಪ್ರಕಟಣೆಯನ್ನೂ, ಲಿಂಕನ್ ಅವರ ಮೊದಲ ಪದಗ್ರಹಣ ಭಾಷಣವನ್ನೂ ಓದಬೇಕು. ಏಕಪಕ್ಷೀಯವಾಗಿ ಹೊರನಡೆಯುವುದು ಸಲ್ಲದೆಂದು ಸುಪ್ರೀಂ ಕೋರ್ಟ್ 1869ರಲ್ಲಿ ಟೆಕ್ಸಾಸ್ ವಿರುದ್ಧ ವೈಟ್ ಪ್ರಕರಣದಲ್ಲಿ ನೀಡಿದ ತೀರ್ಪನ್ನು ಇವುಗಳ ಬಳಿಕ ಓದಿದರೆ ಅದರ ತೂಕ ಅರ್ಥವಾಗುತ್ತದೆ.

ಹೊಸದಾಗಿ ಬರುವವರು ಕಾಲಾನುಕ್ರಮವನ್ನು ಬಿಡಬಾರದು. ಇಲ್ಲವಾದರೆ ಇಷ್ಟೊಂದು ದಾಖಲೆಗಳ ನಡುವೆ ವಾದದ ಎಳೆ ತಪ್ಪುತ್ತದೆ. ಒಕ್ಕೂಟವನ್ನು ತೊರೆದ ದಕ್ಷಿಣದ ರಾಜ್ಯಗಳು (ಕಾನ್ಫೆಡರೇಟ್ ರಾಜ್ಯಗಳು) 1861ರಲ್ಲಿ ತಮಗಾಗಿ ರಚಿಸಿಕೊಂಡ ಸಂವಿಧಾನವನ್ನು ಮಾತ್ರ ಕೊನೆಗೆ ಇಟ್ಟುಕೊಳ್ಳಬೇಕು: ಅದರ ಪೀಠಿಕೆ ರಾಜ್ಯಗಳ ಸಾರ್ವಭೌಮತ್ವವನ್ನು ಸ್ಮರಿಸುತ್ತದೆ, ಗುಲಾಮರ ಮೇಲಿನ ಒಡೆತನಕ್ಕೆ ಧಕ್ಕೆ ತರುವ ಕಾನೂನನ್ನು ವಿಧಿಯೊಂದು ನಿಷೇಧಿಸುತ್ತದೆ, ಆದರೆ ಹೊರನಡೆಯುವ ಹಕ್ಕನ್ನು ನೀಡುವ ವಿಧಿ ಅದರಲ್ಲೆಲ್ಲೂ ಇಲ್ಲ.